ಕ್ಯಾಲಿಫೋರ್ನಿಯಾದಲ್ಲಿ ಕಾಂಟ್ರಾಕ್ಟರ್ ಲೈಸೆನ್ಸ್ ಬಾಂಡ್: ಕೊಳ್ಳುವ ಮೊದಲು, ಸಹಿ ಹಾಕುವಾಗ, ಆಮೇಲೆ

ಕ್ಯಾಲಿಫೋರ್ನಿಯಾದಲ್ಲಿ ಬಣ್ಣ ಬಳಿಯುವುದಿರಲಿ, ಪೈಪ್ ಹಾಕುವುದಿರಲಿ, ಅಡುಗೆಮನೆ ಒಡೆದು ಹೊಸದಾಗಿ ಕಟ್ಟುವುದಿರಲಿ, ಕೂಲಿ ಮತ್ತು ಸಾಮಾನು ಸೇರಿ ಕೆಲಸದ ಮೊತ್ತ 1,000 ಡಾಲರ್ ಮುಟ್ಟಿದರೆ ಲೈಸೆನ್ಸ್ ಬೇಕು. 2025ಕ್ಕೆ ಮುಂಚೆ ಈ ಮಿತಿ 500 ಡಾಲರ್ ಇತ್ತು. ಸಾವಿರದ ಒಳಗಿದ್ದರೂ ಕೆಲಸಕ್ಕೆ ಪರ್ಮಿಟ್ ಬೇಕಿದ್ದರೆ, ಅಥವಾ ನೀವು ಒಬ್ಬ ಆಳನ್ನಾದರೂ ಇಟ್ಟುಕೊಂಡರೆ, ವಿನಾಯಿತಿ ಸಿಗುವುದಿಲ್ಲ. ಲೈಸೆನ್ಸ್ ಕೊಡುವುದು ಕಾಂಟ್ರಾಕ್ಟರ್ಸ್ ಸ್ಟೇಟ್ ಲೈಸೆನ್ಸ್ ಬೋರ್ಡ್. ಎಲ್ಲರೂ ಅದನ್ನು ಸಿಎಸ್‌ಎಲ್‌ಬಿ ಅನ್ನುತ್ತಾರೆ. ಮುಖ್ಯ ಕಚೇರಿ ಸ್ಯಾಕ್ರಮೆಂಟೊದಲ್ಲಿದೆ.

ಆ ಲೈಸೆನ್ಸ್ ಕೈಗೆ ಬರುವ ಮುಂಚೆ 25,000 ಡಾಲರಿನ ಶ್ಯೂರಿಟಿ ಬಾಂಡ್, ಅಂದರೆ ಜಾಮೀನು ಪತ್ರ, ಒದಗಿಸಬೇಕು. ಪರೀಕ್ಷೆಗೆ ತಿಂಗಳುಗಟ್ಟಲೆ ಓದಿದವರೂ ಈ ಬಾಂಡನ್ನು ಆನ್‌ಲೈನಲ್ಲಿ ಕಾಫಿ ಕುಡಿಯುವಷ್ಟರಲ್ಲಿ ಕೊಂಡು ಮುಗಿಸುತ್ತಾರೆ. ಕೊಳ್ಳುವುದು ನಿಜಕ್ಕೂ ಸುಲಭ. ತೊಡಕು ಇರುವುದು ಬೇರೆ ಕಡೆ. ಒಂದು, ಹೆಸರು ಮತ್ತು ದಿನಾಂಕ ತಾಳೆಯಾಗಬೇಕು. ಇನ್ನೊಂದು, ಬಾಂಡಿನ ಜೊತೆಗೆ ಸಹಿ ಹಾಕಿಸಿಕೊಳ್ಳುವ ಒಪ್ಪಂದ ಪತ್ರ. ಅದನ್ನು ಓದುವವರು ತೀರಾ ಕಡಿಮೆ.

ಬಾಂಡ್ ಕಾಪಾಡುವುದು ನಿಮ್ಮನ್ನಲ್ಲ

ಇದನ್ನು ಇನ್ಶೂರೆನ್ಸ್ ಕಂಪನಿಯೇ ಕೊಡುತ್ತದೆ, ಪ್ರೀಮಿಯಂ ಅಂತಲೇ ದುಡ್ಡು ತಗೊಳ್ಳುತ್ತದೆ. ಹಾಗಾಗಿ "ನನಗೆ 25,000 ಡಾಲರಿನ ಇನ್ಶೂರೆನ್ಸ್ ಇದೆ" ಅಂದುಕೊಳ್ಳುವವರು ಬಹಳ. ಅದು ಹಾಗಲ್ಲ. ಊರಲ್ಲಿ ಸೊಸೈಟಿ ಸಾಲಕ್ಕೆ ಇನ್ನೊಬ್ಬರು ಜಾಮೀನು ನಿಲ್ಲುತ್ತಾರಲ್ಲ, ವ್ಯವಹಾರ ಅದೇ. ಸಾಲಗಾರ ಕೈ ಎತ್ತಿದರೆ ಜಾಮೀನುದಾರ ಕಟ್ಟಬೇಕು, ಕಟ್ಟಿದ ಮೇಲೆ ಅವನು ಸಾಲಗಾರನ ಬೆನ್ನು ಬೀಳುತ್ತಾನೆ.

ಇಲ್ಲಿ ಮೂರು ಪಾರ್ಟಿಗಳು. ಕೆಲಸ ಮಾಡುವ ನೀವು ಪ್ರಿನ್ಸಿಪಲ್. ಬಾಂಡ್ ಬೇಕು ಅಂತ ಕೇಳುವ ಸರ್ಕಾರ ಆಬ್ಲಿಜೀ. ನಿಮ್ಮ ಪರವಾಗಿ ಮಾತು ಕೊಡುವ ಕಂಪನಿ ಶ್ಯೂರಿಟಿ. ನೀವು ಲೈಸೆನ್ಸ್ ಕಾನೂನು ಮುರಿದು ಮನೆಯವರಿಗೆ ನಷ್ಟ ಮಾಡಿದರೆ, ಕೆಲಸದವರ ಕೂಲಿ ಕೊಡದಿದ್ದರೆ, ಅವರು ಬಾಂಡಿನ ಮೇಲೆ ಕ್ಲೇಮ್ ಹಾಕಬಹುದು. ಕಂಪನಿ ಕೊಟ್ಟ ಪ್ರತಿ ಡಾಲರನ್ನೂ ನಿಮ್ಮಿಂದ ವಾಪಸ್ ಕೇಳುತ್ತದೆ. ನೀವು ಏಣಿಯಿಂದ ಬಿದ್ದರೆ, ಪೈಪ್ ಒಡೆದು ಪಕ್ಕದ ಮನೆ ನೆಂದರೆ ಈ ಬಾಂಡಿನಿಂದ ಏನೂ ಬರುವುದಿಲ್ಲ. ಅದಕ್ಕೆ ವರ್ಕರ್ಸ್ ಕಾಂಪೆನ್ಸೇಶನ್, ಜನರಲ್ ಲಯಬಿಲಿಟಿ ಅಂತ ಬೇರೆಬೇರೆ ಪಾಲಿಸಿಗಳಿವೆ.

ಕರ್ನಾಟಕದಲ್ಲಿ ಪಿಡಬ್ಲ್ಯುಡಿ ಕೆಲಸ ಮಾಡಿಸಿ ಬಂದವರಿಗೆ ಇಎಂಡಿ (ಟೆಂಡರಿಗೆ ಇಡುವ ಠೇವಣಿ), ಬ್ಯಾಂಕ್ ಗ್ಯಾರಂಟಿ ಗೊತ್ತು. ಅಲ್ಲಿ ಬ್ಯಾಂಕು ಸಾಮಾನ್ಯವಾಗಿ ಠೇವಣಿ ಅಡ ಇಟ್ಟುಕೊಂಡೇ ಗ್ಯಾರಂಟಿ ಕೊಡುತ್ತದೆ. ಭಾರತದಲ್ಲಿ ಇನ್ಶೂರೆನ್ಸ್ ಕಂಪನಿಗಳು ಶ್ಯೂರಿಟಿ ಬಾಂಡ್ ಕೊಡಲು ಇನ್ಶೂರೆನ್ಸ್ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ ನಿಯಮ ಜಾರಿಗೆ ಬಂದದ್ದೇ 2022ರ ಏಪ್ರಿಲ್‌ನಲ್ಲಿ. ಅಮೆರಿಕದಲ್ಲಿ ಇದು ಹಳೇ ಪದ್ಧತಿ. ಲೈಸೆನ್ಸ್ ಬಾಂಡಿಗೆ ಸಾಮಾನ್ಯವಾಗಿ ಠೇವಣಿ ಇಡಬೇಕಿಲ್ಲ. ನಿಮ್ಮ ಕ್ರೆಡಿಟ್ ಮತ್ತು ನಿಮ್ಮ ಸಹಿ ಸಾಕು.

ಮೊದಲ ಹೆಜ್ಜೆ: ನಿಮಗೆ ಎಷ್ಟು ಬಾಂಡ್ ಬೇಕು ನೋಡಿ

ಒಬ್ಬರೇ ಮಾಲೀಕರು, ಲೈಸೆನ್ಸಿಗೆ ಪರೀಕ್ಷೆ ಬರೆದವರೂ ನೀವೇ ಅಂದರೆ ಒಂದೇ ಬಾಂಡ್ ಸಾಕು: 25,000 ಡಾಲರಿನ ಕಾಂಟ್ರಾಕ್ಟರ್ ಲೈಸೆನ್ಸ್ ಬಾಂಡ್. 2023ರ ಜನವರಿ 1ಕ್ಕೆ ಮುಂಚೆ ಅದು 15,000 ಇತ್ತು. ಹಳೇ ವಿಡಿಯೊ, ಹಳೇ ಪುಸ್ತಕಗಳಲ್ಲಿ ಇನ್ನೂ ಆ ಅಂಕಿಯೇ ಇರುತ್ತದೆ, ಅದನ್ನು ನಂಬಬೇಡಿ. ಬಾಂಡ್ ಲೈಸೆನ್ಸಿಗೆ ಒಂದು, ಕೆಲಸದ ವರ್ಗಕ್ಕೆ ಒಂದಲ್ಲ. ಒಂದೇ ಲೈಸೆನ್ಸಿನಲ್ಲಿ ಸಿ-10 ಎಲೆಕ್ಟ್ರಿಕಲ್ ಮತ್ತು ಸಿ-36 ಪ್ಲಂಬಿಂಗ್ ಎರಡೂ ಇದ್ದರೂ ಒಂದೇ ಬಾಂಡ್. ಎರಡು ಲೈಸೆನ್ಸ್ ಇದ್ದರೆ ಎರಡು ಬಾಂಡ್.

ಕಂಪನಿ ಹೆಸರಲ್ಲಿ ಲೈಸೆನ್ಸ್ ತಗೊಂಡು, ಅನುಭವ ಮತ್ತು ಪರೀಕ್ಷೆಗೆ ಬೇರೆಯವರನ್ನು ಮುಂದಿಟ್ಟರೆ ಲೆಕ್ಕ ಬದಲಾಗುತ್ತದೆ. ಹಾಗೆ ಲೈಸೆನ್ಸಿಗೆ ಅರ್ಹತೆ ತಂದುಕೊಡುವವರನ್ನು ಕ್ವಾಲಿಫೈಯಿಂಗ್ ಇಂಡಿವಿಜುವಲ್ ಅನ್ನುತ್ತಾರೆ. ಅವರು ಬರೀ ನೌಕರರಾಗಿದ್ದರೆ ಅವರ ಹೆಸರಲ್ಲಿ ಇನ್ನೊಂದು 25,000 ಡಾಲರಿನ ಬಾಂಡ್ ಬೇಕು. ಅವರು ಕಂಪನಿಯ ಅಧಿಕಾರಿಯಾಗಿದ್ದು, ಶೇಕಡಾ 10 ಅಥವಾ ಅದಕ್ಕಿಂತ ಜಾಸ್ತಿ ಪಾಲು ಹೊಂದಿದ್ದರೆ ಈ ಎರಡನೇ ಬಾಂಡ್ ಬೇಡ. ಆದರೆ ಆ ಪಾಲಿನ ವಿಷಯ ಬೋರ್ಡಿಗೆ ಬರಹದಲ್ಲಿ ತಿಳಿಸಿರಬೇಕು. ಅಣ್ಣತಮ್ಮಂದಿರು ಸೇರಿ ಕಂಪನಿ ಮಾಡುವಾಗ ಪಾಲು ಹಂಚುವ ಮುಂಚೆ ಇದು ಗೊತ್ತಿರಲಿ. ಪರೀಕ್ಷೆ ಪಾಸಾದ ತಮ್ಮನಿಗೆ ಶೇಕಡಾ 5 ಕೊಟ್ಟರೆ ಪ್ರತಿವರ್ಷ ಎರಡು ಪ್ರೀಮಿಯಂ ಕಟ್ಟಬೇಕಾಗುತ್ತದೆ.

ಎಲ್‌ಎಲ್‌ಸಿ, ಅಂದರೆ ಲಿಮಿಟೆಡ್ ಲಯಬಿಲಿಟಿ ಕಂಪನಿ, ಮಾಡುವವರು ಎರಡು ಸಲ ಯೋಚಿಸಿ. ಎಲ್‌ಎಲ್‌ಸಿಗೆ ಮಾಮೂಲಿ 25,000ದ ಮೇಲೆ ಕೆಲಸಗಾರರ ರಕ್ಷಣೆಗೆ ಅಂತ 1,00,000 ಡಾಲರಿನ ಇನ್ನೊಂದು ಬಾಂಡ್ ಬೇಕು. ಅದರ ಜೊತೆ ಕನಿಷ್ಠ 10 ಲಕ್ಷ ಡಾಲರಿನ ಲಯಬಿಲಿಟಿ ಇನ್ಶೂರೆನ್ಸ್ ಕಡ್ಡಾಯ. ಸಾಫ್ಟ್‌ವೇರ್ ಕನ್ಸಲ್ಟಿಂಗಿಗೆ ಎಲ್‌ಎಲ್‌ಸಿ ಮಾಡಿದ ಗೆಳೆಯರು "ಅದೇ ಒಳ್ಳೇದು" ಅನ್ನುತ್ತಾರೆ. ಅವರ ಧಂಧೆಗೆ ಅದು ಸರಿ. ಈ ಧಂಧೆಯಲ್ಲಿ ಹೊಸದಾಗಿ ಕಾಲಿಡುವ ಸಣ್ಣ ಕಾಂಟ್ರಾಕ್ಟರಿಗೆ ಕಾರ್ಪೊರೇಶನ್ ಅಥವಾ ಸ್ವಂತ ಹೆಸರೇ ಅಗ್ಗ ಅಂತ ನನಗನಿಸುತ್ತದೆ. ಸಹಿ ಮಾಡುವ ಮುಂಚೆ ಒಬ್ಬ ಸಿಪಿಎ (ನಮ್ಮ ಸಿಎ ಇದ್ದ ಹಾಗೆ, ಲೆಕ್ಕಪರಿಶೋಧಕರು) ಹತ್ತಿರ ಕೂತು ಲೆಕ್ಕ ಹಾಕಿಸಿ.

ಹಿಂದೆ ಲೈಸೆನ್ಸ್ ರದ್ದಾಗಿ ಮತ್ತೆ ಪಡೆಯುವವರಿಗೆ ಡಿಸಿಪ್ಲಿನರಿ ಬಾಂಡ್ ಅಂತ ಇನ್ನೊಂದು ಇದೆ. ಕನಿಷ್ಠ 25,000, ಕನಿಷ್ಠ ಎರಡು ವರ್ಷ. ಹೊಸಬರಿಗೆ ಅದರ ಗೊಡವೆ ಇಲ್ಲ.

ಎಚ್-1ಬಿ ಕೆಲಸದ ವೀಸಾ ಮೇಲಿರುವವರಿಗೆ ಒಂದು ಮಾತು. ಲೈಸೆನ್ಸ್ ಬೋರ್ಡ್ ನಿಮ್ಮ ಅನುಭವ ಮತ್ತು ಪರೀಕ್ಷೆ ನೋಡುತ್ತದೆ. ಆದರೆ ನಿಮ್ಮ ವೀಸಾ ನಿಮ್ಮನ್ನು ಸ್ಪಾನ್ಸರ್ ಮಾಡಿದ ಕಂಪನಿಯ ಕೆಲಸಕ್ಕೆ ಕೊಟ್ಟದ್ದು. ಬಾಂಡಿಗೆ ದುಡ್ಡು ಹಾಕುವ ಮುಂಚೆ ಇಮಿಗ್ರೇಶನ್ ವಕೀಲರನ್ನು ಕೇಳಿ.

ಎರಡನೇ ಹೆಜ್ಜೆ: ಸರಿಯಾದ ಹೊತ್ತಿಗೆ ಕೊಳ್ಳಿ

ಆತುರದವರು ಅರ್ಜಿ ಹಾಕಿದ ದಿನವೇ ಬಾಂಡ್ ಕೊಳ್ಳುತ್ತಾರೆ. ಬೇಡ. ಕ್ರಮ ಹೀಗಿದೆ: ಮೊದಲು ಅರ್ಜಿ, ಅದಕ್ಕೆ ಕಳೆದ 10 ವರ್ಷದಲ್ಲಿ ಕನಿಷ್ಠ 4 ವರ್ಷ ನುರಿತ ಕೆಲಸ ಮಾಡಿದ ಪುರಾವೆ. ಆಮೇಲೆ ಲೈವ್ ಸ್ಕ್ಯಾನ್ ಅನ್ನುವ ಎಲೆಕ್ಟ್ರಾನಿಕ್ ವ್ಯವಸ್ಥೆಯಲ್ಲಿ ಬೆರಳಚ್ಚು. ಆಮೇಲೆ ಎರಡು ಪರೀಕ್ಷೆ, ಒಂದು ಕಾನೂನು ಮತ್ತು ವ್ಯವಹಾರದ್ದು, ಇನ್ನೊಂದು ನಿಮ್ಮ ಕಸುಬಿನದು. ಇದೆಲ್ಲ ಮುಗಿದ ಮೇಲೆ ಬೋರ್ಡಿನಿಂದ ಪತ್ರ ಬರುತ್ತದೆ: ಬಾಂಡ್ ಕಳಿಸಿ, ಲೈಸೆನ್ಸ್ ಶುಲ್ಕ ಕಟ್ಟಿ, ವರ್ಕರ್ಸ್ ಕಾಂಪೆನ್ಸೇಶನ್ ಪುರಾವೆ ಅಥವಾ ವಿನಾಯಿತಿ ಪತ್ರ ಕೊಡಿ.

ಬಾಂಡ್ ಕೊಳ್ಳಬೇಕಾದ ಸಮಯ ಅದು. ಕಾರಣ ಸರಳ. ಬಾಂಡಿನ ಮೇಲೆ ಒಂದು ಜಾರಿ ದಿನಾಂಕ ಇರುತ್ತದೆ. ಆ ದಿನಾಂಕದಿಂದ 90 ದಿನದೊಳಗೆ ಬಾಂಡ್ ಬೋರ್ಡಿನ ಮುಖ್ಯ ಕಚೇರಿಗೆ ತಲುಪಿರಬೇಕು. ಜನವರಿಯಲ್ಲಿ ಕೊಂಡು, ಪರೀಕ್ಷೆ ಫೇಲಾಗಿ, ಮತ್ತೆ ಬರೆದು ಜೂನ್‌ನಲ್ಲಿ ಕಳಿಸಿದರೆ ಅದು ವಾಪಸ್ ಬರುತ್ತದೆ. ಲೈಸೆನ್ಸ್ ಇಲ್ಲದ ಅಷ್ಟು ತಿಂಗಳ ಪ್ರೀಮಿಯಂ ಸುಮ್ನೆ ದಂಡ.

ಬೆಲೆ ಕೇಳುವುದಕ್ಕೆ ಮಾತ್ರ ಪತ್ರ ಕಾಯಬೇಕಿಲ್ಲ. ಪರೀಕ್ಷೆ ದಿನಾಂಕ ಸಿಕ್ಕ ಕೂಡಲೇ ಎರಡು ಮೂರು ಕಡೆ ಕೊಟೇಶನ್ ತರಿಸಿಕೊಳ್ಳಿ.

ಮೂರನೇ ಹೆಜ್ಜೆ: ಕೊಟೇಶನ್, ಕ್ರೆಡಿಟ್

ಕೊಡುವ ಕಂಪನಿಗೆ ಕ್ಯಾಲಿಫೋರ್ನಿಯಾ ಇನ್ಶೂರೆನ್ಸ್ ಇಲಾಖೆಯ ಪರವಾನಗಿ ಇರಬೇಕು. ಮಾರುವ ಏಜೆಂಟಿಗೂ ಲೈಸೆನ್ಸ್ ನಂಬರ್ ಇರುತ್ತದೆ. ಇಲಾಖೆಯ ವೆಬ್‌ಸೈಟಿನಲ್ಲಿ ಎರಡನ್ನೂ ಹುಡುಕಿ ನೋಡಬಹುದು. ನೋಡಿ.

ಪ್ರೀಮಿಯಂ ಅಂದರೆ 25,000 ಡಾಲರ್ ಅಲ್ಲ, ಅದರ ಸಣ್ಣ ಭಾಗ. ಕ್ರೆಡಿಟ್ ಚೆನ್ನಾಗಿದ್ದವರಿಗೆ ಸಾಮಾನ್ಯವಾಗಿ ವರ್ಷಕ್ಕೆ ಶೇಕಡಾ 1ರ ಆಸುಪಾಸು, ಅಂದರೆ 250 ಡಾಲರಿನ ಹತ್ತಿರ. ಕ್ರೆಡಿಟ್ ಕೆಟ್ಟಿದ್ದರೆ, ಹಳೇ ಬಾಂಡಿನ ಮೇಲೆ ಕ್ಲೇಮ್ ಇದ್ದರೆ, ಅದರ ಹಲವು ಪಟ್ಟು. ಶೇಕಡಾ 10 ಅಂದರೆ 2,500 ಡಾಲರ್ ಆಯಿತಲ್ಲ. ಬೆಲೆ ತೀರ್ಮಾನ ಮಾಡುವುದು ಹೆಚ್ಚಾಗಿ ಮಾಲೀಕರ ವೈಯಕ್ತಿಕ ಕ್ರೆಡಿಟ್.

ನಮ್ಮವರಿಗೆ ಇಲ್ಲೊಂದು ಪೆಟ್ಟು ಬೀಳುತ್ತದೆ. ಬೆಂಗಳೂರಲ್ಲಿ ಗೃಹಸಾಲವನ್ನು ಒಂದು ಕಂತೂ ತಪ್ಪಿಸದೆ ತೀರಿಸಿರಬಹುದು, ಸಿಬಿಲ್ ಸ್ಕೋರ್ 800 ದಾಟಿರಬಹುದು. ಇಲ್ಲಿ ಅದು ಲೆಕ್ಕಕ್ಕಿಲ್ಲ. ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಟ್ರಾನ್ಸ್‌ಯೂನಿಯನ್ ಈ ಮೂರರ ಅಮೆರಿಕದ ದಾಖಲೆ ಮಾತ್ರ ನೋಡುತ್ತಾರೆ. ಬಂದು ವರ್ಷವೂ ಆಗಿಲ್ಲದವರ ಕಡತ ಖಾಲಿ ಇರುತ್ತದೆ. ಖಾಲಿ ಅಂದರೆ ಕೆಟ್ಟದ್ದು ಅಂತಲ್ಲ, ಆದರೂ ಬೆಲೆ ಏರುತ್ತದೆ. ಲೈಸೆನ್ಸ್ ಯೋಚನೆ ಇದ್ದವರು ಅರ್ಜಿಗೆ ವರ್ಷ ಮುಂಚೆಯೇ ಒಂದು ಕ್ರೆಡಿಟ್ ಕಾರ್ಡ್ ತೆಗೆದು, ಸ್ವಲ್ಪ ಬಳಸಿ, ಪೂರ್ತಿ ಕಟ್ಟುತ್ತಾ ಬಂದರೆ ಒಳ್ಳೆಯದು. ಮೂರೂ ಸಂಸ್ಥೆಗಳ ವರದಿ ಪುಕ್ಕಟೆ ಸಿಗುತ್ತದೆ, ತೆಗೆದು ತಪ್ಪು ಇದ್ದರೆ ಸರಿಪಡಿಸಿಕೊಳ್ಳಿ.

ಕೊಟೇಶನ್ ಬಂದಾಗ ಮೊತ್ತ ಮಾತ್ರ ನೋಡಬೇಡಿ. ಇದು ಒಂದು ವರ್ಷಕ್ಕೋ, ಎರಡಕ್ಕೋ, ಮೂರಕ್ಕೋ? ಮಧ್ಯದಲ್ಲಿ ರದ್ದು ಮಾಡಿದರೆ ಎಷ್ಟು ವಾಪಸ್? ಬ್ರೋಕರ್ ಫೀ ಪ್ರತ್ಯೇಕವೋ? ಮುಂದಿನ ವರ್ಷ ಬೆಲೆ ಏರುತ್ತದಾ? ಲೈಸೆನ್ಸ್ ಎರಡು ವರ್ಷಕ್ಕೊಮ್ಮೆ ನವೀಕರಣ, ಬಾಂಡಿನ ಅವಧಿ ಬೇರೆ. ಎರಡೂ ಒಂದೇ ದಿನ ಮುಗಿಯುತ್ತದೆ ಅಂದುಕೊಂಡವರೇ ಸಿಕ್ಕಿಹಾಕಿಕೊಳ್ಳುವುದು.

ನಾಲ್ಕನೇ ಹೆಜ್ಜೆ: ಹೆಸರು, ಅಕ್ಷರ ಬಿಡದೆ

ಬಾಂಡಿನ ಮೇಲಿರುವ ವ್ಯವಹಾರದ ಹೆಸರು, ಲೈಸೆನ್ಸ್ ನಂಬರ್ ಅಥವಾ ಅರ್ಜಿ ನಂಬರ್, ಬೋರ್ಡಿನ ದಾಖಲೆಗೆ ಹಾಗೇ ಹೊಂದಬೇಕು. ಅಂದಾಜಿನ ಹೊಂದಿಕೆ ನಡೆಯುವುದಿಲ್ಲ.

ನಮ್ಮ ಕಡೆಯ ಹೆಸರುಗಳಿಗೆ ಇದು ತಲೆನೋವು. ಅಪ್ಪನ ಹೆಸರು, ಊರ ಹೆಸರು ಇನಿಶಿಯಲ್ ಆಗಿ ಇರುವವರು ನಾವು. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಬಿಟ್ಟವರಿಗೆ ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗಕ್ಕೆ "ಎಫ್‌ಎನ್‌ಯು" (ಫಸ್ಟ್ ನೇಮ್ ಅನ್‌ನೋನ್, ಮೊದಲ ಹೆಸರು ಗೊತ್ತಿಲ್ಲ) ಅಂತ ಬಿದ್ದಿರುತ್ತದೆ, ಇದ್ದ ಹೆಸರು ಸರ್‌ನೇಮ್ ಆಗಿಬಿಟ್ಟಿರುತ್ತದೆ. ಅದೇ ಮುಂದೆ ಡ್ರೈವಿಂಗ್ ಲೈಸೆನ್ಸಿಗೂ ಹೋಗಬಹುದು. ಒಂದು ಊಹೆಯ ಉದಾಹರಣೆ: ಅರ್ಜಿಯಲ್ಲಿ "ಶಿವಕುಮಾರ ಬಸಪ್ಪ", ಬ್ಯಾಂಕಲ್ಲಿ "ಎಚ್. ಬಿ. ಶಿವಕುಮಾರ್", ಆನ್‌ಲೈನ್ ಬಾಂಡ್ ಫಾರಂನಲ್ಲಿ ಅವಸರಕ್ಕೆ "ಶಿವ ಕುಮಾರ್" ಅಂತ ಎರಡು ತುಂಡು. ಮೂವರೂ ಒಬ್ಬರೇ ಅಂತ ನಿಮಗೆ ಗೊತ್ತು, ಸ್ಯಾಕ್ರಮೆಂಟೊದ ಕಂಪ್ಯೂಟರಿಗೆ ಗೊತ್ತಿಲ್ಲ.

ಹಾಗಾಗಿ ಬೋರ್ಡಿನ ಪತ್ರ ಎದುರಿಗಿಟ್ಟುಕೊಂಡು, ಅದರಲ್ಲಿರುವ ಹೆಸರನ್ನೇ ನೋಡಿ ಟೈಪ್ ಮಾಡಿ. ಕಾರ್ಪೊರೇಶನ್ ಆದರೆ ರಾಜ್ಯದ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಯಲ್ಲಿ ನೋಂದಾಯಿಸಿದ ಹೆಸರು, ಕೊನೆಯ "ಇಂಕ್." ಸಮೇತ. ಬಾಂಡ್ ಪ್ರತಿ ಬಂದ ಕೂಡಲೇ ಮನೆಯವರ ಹತ್ತಿರ ಒಮ್ಮೆ ಓದಿಸಿ. ನಮ್ಮ ತಪ್ಪು ನಮ್ಮ ಕಣ್ಣಿಗೆ ಬೀಳುವುದಿಲ್ಲ, ಅಲ್ವಾ? ತಪ್ಪಿದ್ದರೆ ಏಜೆಂಟ್ ರೈಡರ್ ಅಂತ ತಿದ್ದುಪಡಿ ಪತ್ರ ಮಾಡಿಕೊಡುತ್ತಾರೆ.

ಐದನೇ ಹೆಜ್ಜೆ: ಇಂಡೆಮ್ನಿಟಿ ಒಪ್ಪಂದ ಓದಿ

ಇಲ್ಲಿ ನಿಧಾನ ಮಾಡಿ. ಬಾಂಡ್ ಪತ್ರ ಒಂದೆರಡು ಪುಟ. ಅದರ ಜೊತೆ ನಿಮ್ಮಿಂದ ಸಹಿ ಹಾಕಿಸಿಕೊಳ್ಳುವ ಇಂಡೆಮ್ನಿಟಿ ಒಪ್ಪಂದದಲ್ಲಿ ನಿಜವಾದ ಭಾರ ಇರುವುದು.

ಅದರಲ್ಲಿ ಸಾಮಾನ್ಯವಾಗಿ ಬರುವ ಮಾತುಗಳು ಇವು. ಕಂಪನಿ ಕ್ಲೇಮಿಗೆ ಕೊಟ್ಟ ಹಣ, ವಿಚಾರಣೆ ಖರ್ಚು, ವಕೀಲರ ಫೀ ಎಲ್ಲವನ್ನೂ ನೀವು ತುಂಬಿಕೊಡುತ್ತೀರಿ. ಕ್ಲೇಮ್ ಕೊಡಬೇಕೋ ಬೇಡವೋ, ಎಷ್ಟಕ್ಕೆ ರಾಜಿ ಮಾಡಬೇಕು ಅನ್ನುವ ತೀರ್ಮಾನ ಕಂಪನಿಯದು. ಸಹಿ ಹಾಕುವುದು ಕಾರ್ಪೊರೇಶನ್ ಮಾತ್ರ ಅಲ್ಲ, ನೀವು ವೈಯಕ್ತಿಕವಾಗಿಯೂ ಹಾಕುತ್ತೀರಿ. ಕಂಪನಿ ಮುಚ್ಚಿದರೂ ಆ ಸಾಲ ನಿಮ್ಮ ಮೈಮೇಲೆ ಉಳಿಯುತ್ತದೆ.

ಗಂಡ ಅಥವಾ ಹೆಂಡತಿಯ ಸಹಿಯನ್ನೂ ಕೆಲವು ಕಂಪನಿಗಳು ಕೇಳುತ್ತವೆ. ಕ್ಯಾಲಿಫೋರ್ನಿಯಾದಲ್ಲಿ ಮದುವೆಯಾದ ಮೇಲೆ ದುಡಿದದ್ದು ಇಬ್ಬರ ಆಸ್ತಿ ಅನ್ನುವ ಕಾನೂನಿದೆ, ಅದಕ್ಕೆ. ಮನೆಯಾಕೆ ಬೇರೆ ಕಂಪನಿಯಲ್ಲಿ ಕೆಲಸದಲ್ಲಿದ್ದು "ಇದೇನು ಪೇಪರ್?" ಅಂತ ಕೇಳಿದರೆ "ಏನಿಲ್ಲ, ಫಾರ್ಮಾಲಿಟಿ" ಅನ್ನಬೇಡಿ. ಪೂರ್ತಿ ಹೇಳಿ ಸಹಿ ಹಾಕಿಸಿ. ಪಾಲುದಾರರಿದ್ದರೆ ಎಲ್ಲರೂ ಜಂಟಿಯಾಗಿ ಮತ್ತು ಒಬ್ಬೊಬ್ಬರಾಗಿ ಹೊಣೆ ಅಂತ ಬರೆದಿರುತ್ತದೆ. ಅದರರ್ಥ, ಪಾಲುದಾರ ಊರು ಬಿಟ್ಟರೆ ಕಂಪನಿ ಪೂರ್ತಿ ಮೊತ್ತಕ್ಕೆ ನಿಮ್ಮನ್ನೇ ಹಿಡಿಯಬಹುದು.

ಆರನೇ ಹೆಜ್ಜೆ: ಬೋರ್ಡಿಗೆ ತಲುಪಿಸಿ, ತಲುಪಿತಾ ನೋಡಿ

ಈಗ ಬಹಳಷ್ಟು ಶ್ಯೂರಿಟಿ ಕಂಪನಿಗಳು ಬಾಂಡನ್ನು ನೇರವಾಗಿ ಎಲೆಕ್ಟ್ರಾನಿಕ್ ಆಗಿ ಕಳಿಸುತ್ತವೆ. ಕಾಗದದಲ್ಲಿ ಕಳಿಸುವುದಾದರೆ ಒಪ್ಪಿಗೆಯಾದ ನಮೂನೆಯಲ್ಲಿರಬೇಕು, ಕಂಪನಿಯ ಪರವಾಗಿ ಸಹಿ ಮಾಡುವ ಅಧಿಕಾರ ಪಡೆದವರ ಸಹಿ ಇರಬೇಕು. ಯಾರು ಕಳಿಸುತ್ತಾರೆ ಅಂತ ಏಜೆಂಟನ್ನು ಬಾಯಿಬಿಟ್ಟು ಕೇಳಿ. "ಅವರು ಕಳಿಸ್ತಾರೆ ಅಂದ್ಕೊಂಡೆ" ಅಂತ ಇಬ್ಬರೂ ಕೂತರೆ 90 ದಿನ ಬೇಗ ಕಳೆದುಹೋಗುತ್ತದೆ.

ಲೈಸೆನ್ಸ್ ಬಂದ ಮೇಲೆ ಬೋರ್ಡಿನ ವೆಬ್‌ಸೈಟಿನಲ್ಲಿ ನಿಮ್ಮ ನಂಬರ್ ಹಾಕಿ ನೋಡಿ. ಬಾಂಡ್ ಕಂಪನಿ, ಬಾಂಡ್ ನಂಬರ್, ಮೊತ್ತ, ಜಾರಿ ದಿನಾಂಕ ಎಲ್ಲ ಅಲ್ಲಿ ಕಾಣುತ್ತದೆ. ಗಿರಾಕಿಗಳೂ ಅದೇ ಪುಟ ನೋಡುತ್ತಾರೆ.

ಬಾಂಡೇ ಬೇಡ, ದುಡ್ಡೇ ಇಡುತ್ತೇನೆ ಅನ್ನುವವರಿಗೂ ದಾರಿ ಇದೆ: ಪೂರ್ತಿ 25,000 ಡಾಲರಿನ ಕ್ಯಾಶಿಯರ್ಸ್ ಚೆಕ್, ಅಂದರೆ ಬ್ಯಾಂಕೇ ಬರೆದುಕೊಡುವ ಚೆಕ್. 2019ರಿಂದ ಬ್ಯಾಂಕ್ ಠೇವಣಿ ಪತ್ರ ತಗೊಳ್ಳುವುದಿಲ್ಲ. ಆ ಹಣ ವರ್ಷಗಟ್ಟಲೆ ಅಲ್ಲೇ ಕೂತಿರುತ್ತದೆ. ಕ್ರೆಡಿಟ್ ತೀರಾ ಹಾಳಾಗಿ ಯಾರೂ ಬಾಂಡ್ ಕೊಡದಿದ್ದರೆ ಮಾತ್ರ ಇದು ಸರಿ.

ಬಾಂಡ್ ಬಿಟ್ಟುಹೋದರೆ

ಪ್ರೀಮಿಯಂ ಕಟ್ಟದಿದ್ದರೆ ಕಂಪನಿ ಬೋರ್ಡಿಗೆ 30 ದಿನದ ನೋಟಿಸ್ ಕೊಟ್ಟು ಬಾಂಡ್ ರದ್ದು ಮಾಡಬಹುದು. ಬದಲಿ ಬಾಂಡ್ ಬರದಿದ್ದರೆ ಲೈಸೆನ್ಸ್ ಅಮಾನತ್ತಾಗುತ್ತದೆ. ಅಮಾನತ್ತಿನಲ್ಲಿ ಕೆಲಸ ಮಾಡಿದರೆ ಲೈಸೆನ್ಸ್ ಇಲ್ಲದೆ ಮಾಡಿದಂತೆಯೇ. ಕ್ಯಾಲಿಫೋರ್ನಿಯಾ ಕಾನೂನಿನಲ್ಲಿ ಅದು ಭಾರಿ ಏಟು: ಆ ಕೆಲಸದ ಬಿಲ್ಲಿಗೆ ನೀವು ಕೋರ್ಟಿಗೆ ಹೋಗುವಂತಿಲ್ಲ, ಮೇಲಾಗಿ ಗಿರಾಕಿ ಆಗಲೇ ಕೊಟ್ಟದ್ದನ್ನೂ ವಾಪಸ್ ಕೇಳಬಹುದು. ವರ್ಷಕ್ಕೆ ಕೆಲವು ನೂರು ಡಾಲರ್ ಉಳಿಸಲು ಹೋಗಿ ಇಡೀ ಬಾತ್‌ರೂಮಿನ ಬಿಲ್ ಕಳಕೊಳ್ಳುವುದು ಬೇಡ.

ಕಂಪನಿ ಬದಲಿಸುವುದಾದರೆ ಹೊಸ ಬಾಂಡಿನ ಜಾರಿ ದಿನಾಂಕ ಹಳೆಯದು ಮುಗಿಯುವ ದಿನಕ್ಕೆ ಕೂಡಿಕೊಂಡಿರಲಿ, ಹೊಸದು ತಲುಪಿದ್ದು ಖಾತ್ರಿಯಾದ ಮೇಲೆ ಹಳೆಯದನ್ನು ಬಿಡಿ. ವಿಳಾಸ ಬದಲಾದರೆ ಬೋರ್ಡಿಗೂ ಏಜೆಂಟಿಗೂ ತಿಳಿಸಿ. ನೋಟಿಸ್ ಹಳೇ ಮನೆಗೆ ಹೋದರೂ ದಿನ ಎಣಿಕೆ ನಿಲ್ಲುವುದಿಲ್ಲ. ಸ್ವಂತ ಹೆಸರಿನಿಂದ ಕಾರ್ಪೊರೇಶನ್‌ಗೆ ಬದಲಾದರೆ ಹೊಸ ಅರ್ಜಿ, ಹೊಸ ಹೆಸರಿನ ಬಾಂಡ್. ಊರಿಗೆ ಹೋಗಿ ವರ್ಷಗಟ್ಟಲೆ ಇರುವವರು ಲೈಸೆನ್ಸನ್ನು ಇನ್‌ಆಕ್ಟಿವ್ ಮಾಡಿಸಬಹುದು, ಆಗ ಬಾಂಡ್ ಬೇಕಿಲ್ಲ.

ಕ್ಲೇಮ್ ಬಂದರೆ

ಫ್ರೀಮಾಂಟ್‌ನಲ್ಲಿ ಒಂದು ಬಾತ್‌ರೂಮ್ ಕೆಲಸ ಅಂದುಕೊಳ್ಳಿ. ಟೈಲ್ಸ್ ಕೆಳಗೆ ನೀರು ತಡೆಯುವ ಪದರ ಸರಿಯಾಗಿ ಹಾಕಿಲ್ಲ, ಕೆಳಗಿನ ಕೋಣೆಯ ಸೀಲಿಂಗ್ ನೆಂದಿದೆ ಅಂತ ಮನೆಯವರು ಶ್ಯೂರಿಟಿಗೆ ಬರೆಯುತ್ತಾರೆ. ಕಂಪನಿ ನಿಮಗೆ ಪತ್ರ ಕಳಿಸಿ ನಿಮ್ಮ ಕಡೆಯ ಮಾತು ಕೇಳುತ್ತದೆ. ಇಲ್ಲಿ ಸುಮ್ಮನಿರುವುದೇ ದೊಡ್ಡ ತಪ್ಪು. ನೀವು ಉತ್ತರ ಕೊಡದಿದ್ದರೆ ಅವರ ಮುಂದಿರುವುದು ಒಂದೇ ಕಡೆಯ ಕಾಗದ. ಲಿಖಿತ ಕಾಂಟ್ರಾಕ್ಟ್, ಸಹಿ ಇರುವ ಚೇಂಜ್ ಆರ್ಡರ್ (ಮಧ್ಯದಲ್ಲಿ ಕೆಲಸ ಬದಲಿಸಿದ್ದಕ್ಕೆ ಒಪ್ಪಿಗೆ ಪತ್ರ), ಟೈಲ್ಸ್ ಮುಚ್ಚುವ ಮುಂಚೆ ತೆಗೆದ ಫೋಟೊ, ಸಿಟಿ ಇನ್‌ಸ್ಪೆಕ್ಟರ್ ಸಹಿ ಹಾಕಿದ ಪರ್ಮಿಟ್ ಕಾರ್ಡ್ ಕಳಿಸಿ. ತಪ್ಪು ನಿಮ್ಮದೇ ಆದರೆ ಹೋಗಿ ಸರಿ ಮಾಡಿಕೊಡುವುದೇ ಅಗ್ಗ. ಕಂಪನಿ ದುಡ್ಡು ಕೊಟ್ಟರೆ ನೀವು ಆ ಮೊತ್ತದ ಜೊತೆ ಖರ್ಚನ್ನೂ ಕಟ್ಟಬೇಕು, ಕಟ್ಟದಿದ್ದರೆ ಲೈಸೆನ್ಸಿಗೂ ಕುತ್ತು.

25,000 ಅನ್ನುವುದು ಒಟ್ಟು ಮೊತ್ತ, ಕ್ಲೇಮಿಗೆ ಇಷ್ಟು ಅಂತಲ್ಲ. ಅದರಲ್ಲೂ ಸ್ವಂತ ವಾಸದ ಮನೆಗೆ ಕೆಲಸ ಮಾಡಿಸಿದವರನ್ನು ಬಿಟ್ಟು ಉಳಿದವರ ಕ್ಲೇಮುಗಳಿಗೆಲ್ಲ ಸೇರಿ 7,500 ಡಾಲರ್ ಮಿತಿ.

ಬಾಂಡ್ ಅಂದರೆ ಇದೊಂದೇ ಅಲ್ಲ

ರಾಜ್ಯದ ಲೈಸೆನ್ಸ್ ಇದ್ದರೂ ಕೆಲಸ ಮಾಡುವ ಊರಿನ ಬಿಸಿನೆಸ್ ಲೈಸೆನ್ಸ್ ಬೇರೆ ಬೇಕಾಗುತ್ತದೆ. ಫುಟ್‌ಪಾತ್ ಅಗೆಯುವುದು, ರಸ್ತೆಗೆ ಕೈ ಹಾಕುವುದು ಇದ್ದರೆ ಎನ್‌ಕ್ರೋಚ್‌ಮೆಂಟ್ ಪರ್ಮಿಟ್ ಜೊತೆ ನಗರವೇ ಪ್ರತ್ಯೇಕ ಬಾಂಡ್ ಕೇಳಬಹುದು. ಕೊಟೇಶನ್ ಕೊಡುವ ಮುಂಚೆ ಆಯಾ ಸಿಟಿಯ ಕೌಂಟರಿನಲ್ಲಿ ಕೇಳಿ, ಆ ಖರ್ಚನ್ನು ಬಿಲ್ಲಿಗೆ ಸೇರಿಸಿ.

ಸರ್ಕಾರಿ ಕೆಲಸದ ಬಾಂಡ್ ಇನ್ನೂ ಬೇರೆ ಲೋಕ. ಕ್ಯಾಲಿಫೋರ್ನಿಯಾದಲ್ಲಿ 25,000 ಡಾಲರ್ ದಾಟಿದ ಸಾರ್ವಜನಿಕ ಕಾಮಗಾರಿಗೆ ಪೇಮೆಂಟ್ ಬಾಂಡ್ (ಕೂಲಿ, ಸಾಮಾನಿನ ಬಾಕಿಗೆ ಜಾಮೀನು) ಬೇಕು. ಫೆಡರಲ್ ಕಟ್ಟಡ ಕೆಲಸಕ್ಕೆ 1935ರ ಮಿಲ್ಲರ್ ಕಾಯ್ದೆಯಡಿ ಪರ್ಫಾರ್ಮೆನ್ಸ್ ಬಾಂಡೂ (ಕೆಲಸ ಮುಗಿಸಿಕೊಡುವುದಕ್ಕೆ ಜಾಮೀನು) ಸೇರುತ್ತದೆ. ಅಲ್ಲಿ ನಿಮ್ಮ ಕ್ರೆಡಿಟ್ ಸ್ಕೋರ್ ಒಂದೇ ಸಾಲದು. ಸಿಪಿಎ ಮಾಡಿದ ಲೆಕ್ಕಪತ್ರ, ಕೈಯಲ್ಲಿರುವ ಕೆಲಸಗಳ ಪಟ್ಟಿ, ಬ್ಯಾಂಕ್ ಬ್ಯಾಲೆನ್ಸ್ ಎಲ್ಲ ನೋಡುತ್ತಾರೆ. ಸಣ್ಣವರಿಗೆ ಫೆಡರಲ್ ಸರ್ಕಾರದ ಸ್ಮಾಲ್ ಬಿಸಿನೆಸ್ ಅಡ್ಮಿನಿಸ್ಟ್ರೇಶನ್ ಶ್ಯೂರಿಟಿಗೆ ಗ್ಯಾರಂಟಿ ಕೊಡುವ ಯೋಜನೆ ನಡೆಸುತ್ತದೆ.

ಇದನ್ನು ಕಾಂಟ್ರಾಕ್ಟರ್ ಆಗಿ ಅಲ್ಲ, ಮನೆ ಕೆಲಸ ಮಾಡಿಸುವವರಾಗಿ ಓದುತ್ತಿದ್ದರೆ ನಿಮಗೂ ಅದೇ ಪುಟ: ಲೈಸೆನ್ಸ್ ನಂಬರ್ ಹಾಕಿ, ಬಾಂಡ್ ಚಾಲ್ತಿಯಲ್ಲಿದೆಯಾ ನೋಡಿ. ವಾಟ್ಸಾಪ್ ಗ್ರೂಪಿನಲ್ಲಿ "ನಮ್ಮೋರೇ, ಒಳ್ಳೆ ಕೆಲಸ" ಅಂತ ಬಂದ ನಂಬರ್ ಆದರೂ ನೋಡಿ. ಮನೆ ರಿಪೇರಿ ಕೆಲಸಕ್ಕೆ ಮುಂಗಡವಾಗಿ 1,000 ಡಾಲರ್ ಅಥವಾ ಒಟ್ಟು ಮೊತ್ತದ ಶೇಕಡಾ 10, ಯಾವುದು ಕಡಿಮೆಯೋ ಅದಕ್ಕಿಂತ ಜಾಸ್ತಿ ಕೇಳುವಂತಿಲ್ಲ. 60,000 ಡಾಲರಿನ ಅಡುಗೆಮನೆಗೆ 20,000 ಅಡ್ವಾನ್ಸ್ ಕೇಳಿದರೆ, ದೊಡ್ಡ ಮೊತ್ತದ ವಿಶೇಷ ಬಾಂಡ್ ಬೋರ್ಡಿನಲ್ಲಿ ಇಟ್ಟವರ ಹೊರತು, ಅವರು ಕಾನೂನು ಮುರಿಯುತ್ತಿದ್ದಾರೆ ಅಂತಲೇ ಅರ್ಥ. 20,000 ಕೊಟ್ಟು ಅವರು ನಾಪತ್ತೆಯಾದ ಮೇಲೆ ಬಾಂಡಿನ ಮೇಲೆ ಕ್ಲೇಮ್ ಹಾಕಬಹುದು, ಆದರೆ ಅವರ ಹಿಂದಿನ ಗಿರಾಕಿಗಳೂ ಅದೇ 25,000ಕ್ಕೆ ಸಾಲು ನಿಂತಿರಬಹುದು.